ಡಿಸ್‌ಚಾರ್ಜ್ ಕಾರ್ಡಿನ ಕೊನೆಯ ಸಾಲು

ಹೋದ ವರ್ಷ ಎಳ್ಳ ಅಮಾವಾಸ್ಯೆಯ ಮರುವಾರ ನಮ್ಮ ಮನೆಯ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದೆ. ಎರಡೇ ಮೆಟ್ಟಿಲು. ಬೀಳುವಾಗ ಯಾರಾದರೂ ಮಾಡುವ ಹಾಗೆ ಬಲಗೈ ಊರಿದೆ. ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ ಮೂಳೆ ಡಾಕ್ಟರು ಎಕ್ಸ್‌ರೇ ನೋಡುತ್ತ, "ಇಷ್ಟು ಸಣ್ಣ ಪೆಟ್ಟಿಗೆ ಇದು ಮುರಿಯಬಾರದಿತ್ತು" ಎಂದರು. ಡೆಕ್ಸಾ ಸ್ಕ್ಯಾನ್ ಬರೆದುಕೊಟ್ಟರು. ಅದರ ವರದಿಯಲ್ಲಿ ಬೆನ್ನುಮೂಳೆಯ ಅಂಕಿ ಮೈನಸ್ 2.9 ಎಂದಿತ್ತು. ಮೈನಸ್ 2.5 ಮತ್ತು ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗಿದೆ ಎಂದು ಲೆಕ್ಕ.

ಡಾಕ್ಟರು ಕೇಳಿದರು: "ಮುಟ್ಟು ನಿಂತು ಎಷ್ಟು ವರ್ಷ ಆಯಿತು?"

"ನಿಂತಿಲ್ಲ, ತೆಗೆಸಿದ್ದೀವಿ. 2002ರಲ್ಲಿ ಗರ್ಭಕೋಶದ ಆಪರೇಷನ್ ಆಯಿತು. ಆಗ ನನಗೆ 37" ಎಂದೆ.

"ಅಂಡಾಶಯ ಬಿಟ್ಟಿದ್ದಾರೋ, ತೆಗೆದಿದ್ದಾರೋ?"

ನನಗೆ ಗೊತ್ತಿರಲಿಲ್ಲ. ಬಿ.ಎ. ಓದಿದವಳು ನಾನು. ಮನೆಯಲ್ಲಿ ಯಾರಿಗೆ ಯಾವ ಮಾತ್ರೆ ಆಗಿಬರುವುದಿಲ್ಲ, ಮಗಳಿಗೆ ಯಾವ ವಯಸ್ಸಿನಲ್ಲಿ ಯಾವ ಲಸಿಕೆ ಹಾಕಿಸಿದ್ದು, ಅತ್ತೆಯವರ ಕಣ್ಣಿನ ಪೊರೆ ತೆಗೆಸಿದ ತಾರೀಖು ಯಾವುದು ಎಲ್ಲ ಬಾಯಿಪಾಠ. ನನ್ನ ಹೊಟ್ಟೆಯೊಳಗೆ ಏನಿದೆ, ಏನಿಲ್ಲ ಎಂಬುದು ಮಾತ್ರ 23 ವರ್ಷದಿಂದ ತಿಳಿದಿರಲಿಲ್ಲ. ತಿಳಿದಿಲ್ಲ ಎಂಬುದೂ ಆ ದಿನ ಅವರು ಕೇಳುವವರೆಗೆ ನನ್ನ ತಲೆಗೆ ಬಂದಿರಲಿಲ್ಲ.

ಮನೆಗೆ ಬಂದು ಎಡಗೈಯಲ್ಲೇ ಹಳೆಯ ಟ್ರಂಕು ತೆರೆದೆ. ಎಲ್ಐಸಿ ಬಾಂಡು, ಮಗಳ ಅಂಕಪಟ್ಟಿ, ಮನೆ ಕೊಂಡಾಗಿನ ರಸೀದಿಗಳ ಕೆಳಗೆ ಆ ನರ್ಸಿಂಗ್ ಹೋಮಿನ ನೀಲಿ ಫೈಲು ಸಿಕ್ಕಿತು. ಡಿಸ್‌ಚಾರ್ಜ್ ಕಾರ್ಡಿನ ಕೊನೆಯಲ್ಲಿ, ಇಂಗ್ಲಿಷಿನಲ್ಲಿ, ಅವಸರದ ಕೈಬರಹದಲ್ಲಿ ಒಂದು ಸಾಲು: ಟಿ.ಎ.ಎಚ್. ವಿತ್ ಬಿ.ಎಸ್.ಓ. ಮರುದಿನ ಡಾಕ್ಟರಿಗೆ ತೋರಿಸಿದೆ. ಹೊಟ್ಟೆ ಕೊಯ್ದು ಗರ್ಭಕೋಶವನ್ನು ಪೂರ್ತಿ ತೆಗೆದಿದ್ದಾರೆ, ಜೊತೆಗೆ ಎರಡೂ ಕಡೆಯ ಅಂಡಾಶಯ ಮತ್ತು ಅಂಡನಾಳವನ್ನೂ ತೆಗೆದಿದ್ದಾರೆ ಎಂದು ಅವರು ಬಿಡಿಸಿ ಹೇಳಿದರು. ಮೂರು ಅಕ್ಷರದ ಅರ್ಥ ತಿಳಿಯಲು ನನಗೆ ಒಂದು ಮೂಳೆ ಮುರಿಯಬೇಕಾಯಿತು.

*

ಆ 2002ರ ಕಥೆ ಏನೂ ವಿಶೇಷದ್ದಲ್ಲ. ನಿಮ್ಮ ಮನೆಯಲ್ಲೂ ಒಂದು ಇದ್ದೀತು.

ನಮ್ಮದು ಕಲಬುರಗಿ ಕಡೆ. ಮದುವೆಯಾಗಿ ಹೈದರಾಬಾದಿಗೆ ಬಂದವಳು ನಾನು. ಕಲಬುರಗಿ, ಬೀದರ, ರಾಯಚೂರಿನವರಿಗೆ ಇದು ಪರವೂರಲ್ಲ. 1956ರವರೆಗೆ ಎಲ್ಲ ಒಂದೇ ಹೈದರಾಬಾದ್ ರಾಜ್ಯ. ಕಾಚಿಗೂಡದಲ್ಲಿ ನೃಪತುಂಗ ಶಾಲೆ ಇದೆ, ಕನ್ನಡ ಮಾತಾಡುವ ಓಣಿಗಳಿವೆ. ಇಂದಿಗೂ ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ಮೊದಲು ನೆನಪಾಗುವುದು ಬೆಂಗಳೂರಲ್ಲ, ಹೈದರಾಬಾದು. ಹೀಗಾಗಿ ನಮ್ಮ ಮನೆಯಲ್ಲಿ ಊರಿಂದ ತೋರಿಸಿಕೊಳ್ಳಲು ಬಂದವರು ಸದಾ ಇರುತ್ತಿದ್ದರು. ಅವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಡಬ್ಬಿ ಕಟ್ಟಿ ಕಳಿಸುವುದು ನನ್ನ ಪಾಲು. ಆಸ್ಪತ್ರೆ ಎಂದರೆ ನನಗೆ ಹೆದರಿಕೆ ಇರಲಿಲ್ಲ.

ಎರಡು ವರ್ಷದಿಂದ ಮುಟ್ಟಿನಲ್ಲಿ ತುಂಬ ಹೋಗುತ್ತಿತ್ತು. ಹತ್ತು ದಿನ, ಹನ್ನೆರಡು ದಿನ. ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು. ನರ್ಸಿಂಗ್ ಹೋಮಿನ ಡಾಕ್ಟರಮ್ಮ ನನ್ನನ್ನಲ್ಲ, ನಮ್ಮ ಮನೆಯವರನ್ನು ನೋಡಿ ಹೇಳಿದರು: "ಮಕ್ಕಳು ಆಗಿವೆಯಲ್ಲ? ಇನ್ನೇಕೆ ಅದು? ತೆಗೆಸಿಬಿಡಿ. ಬಿಟ್ಟರೆ ನಾಳೆ ಏನಾದರೂ ಆದೀತು." ಆ 'ಏನಾದರೂ' ಎಂಬುದಕ್ಕೆ ಎಲ್ಲರ ಮನಸ್ಸಿನಲ್ಲೂ ಒಂದೇ ಹೆಸರು. ಕ್ಯಾನ್ಸರ್ ಎಂದು ಅವರೂ ಅನ್ನಲಿಲ್ಲ, ನಾವೂ ಅನ್ನಲಿಲ್ಲ.

ಅತ್ತೆಯವರಿಗಂತೂ ಸಮಾಧಾನವಾಯಿತು. "ಒಳ್ಳೇದಾತು ಬಿಡು. ಇನ್ ಮ್ಯಾಲೆ ಹೊರಗ ಕೂಡೂ ತ್ರಾಸಿಲ್ಲ, ಹಬ್ಬಾ ಹುಣ್ಣಿಮಿ ತಪ್ಪೂದಿಲ್ಲ" ಎಂದರು. ನಮ್ಮ ಮನೆಯಲ್ಲಿ ಮಡಿ ಇತ್ತು. ತಿಂಗಳಿಗೆ ಹನ್ನೆರಡು ದಿನ ಒಳಗೆ ಬರಲಾಗದ ಸೊಸೆಯಿಂದ ಮನೆ ನಡೆಯುವುದು ಹೇಗೆ? ಸುಳ್ಳು ಯಾಕೆ ಹೇಳಲಿ, ನನಗೂ ಹಾಗೇ ಅನ್ನಿಸಿತ್ತು. ಬಟ್ಟೆ ಒಗೆದು ಒಗೆದು, ರೈಲಿನಲ್ಲಿ ಊರಿಗೆ ಹೋಗುವಾಗ ಸೀಟಿನಿಂದ ಏಳಲು ಹೆದರಿ ಹೆದರಿ ಸಾಕಾಗಿತ್ತು. ಇದೊಂದು ತಂಟೆ ಕಳೆದರೆ ಸಾಕು ಎಂದುಕೊಂಡು ಹೋಗಿ ಮಲಗಿದೆ. ನರ್ಸು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಮಾಡಿದೆ. ಸಹಿ ನನ್ನದೇ. ಓದಲಿಲ್ಲ ಅಷ್ಟೇ.

ಆಪರೇಷನ್ ಆದ ಎರಡೇ ತಿಂಗಳಿಗೆ ರಾತ್ರಿ ಮೈಯೆಲ್ಲ ಬೆಂಕಿಯಾಗಿ, ಬೆವರಿ, ಹಾಸಿಗೆ ಒದ್ದೆಯಾಗತೊಡಗಿತು. ನಿದ್ದೆ ಹಾರಿತು. ಕಾರಣವಿಲ್ಲದೆ ಅಳು. ಮೇ ತಿಂಗಳಾಗಿದ್ದರಿಂದ ಹೈದರಾಬಾದಿನ ಬಿಸಿಲೇ ಕಾರಣ ಎಂದುಕೊಂಡೆವು, ಕೂಲರ್ ತಂದೆವು. ಮನೆಯವರು, "ನಿನ್ನ ಸಿಟ್ಟು ಯಾಕೋ ಜಾಸ್ತಿ ಆಗ್ಯದ" ಎಂದರು. ನಾನೂ ನನ್ನ ಸ್ವಭಾವವೇ ಕೆಟ್ಟಿತು ಎಂದುಕೊಂಡೆ. 48, 50ರಲ್ಲಿ ನಿಧಾನವಾಗಿ ಆಗಬೇಕಾದ ಋತುಬಂಧ 37ರಲ್ಲಿ, ಒಂದು ಮಧ್ಯಾಹ್ನದಲ್ಲಿ, ಆಗಿಹೋಗಿತ್ತು. ಅದನ್ನು ನನಗೆ ಹೇಳಿದವರು ಯಾರೂ ಇಲ್ಲ.

*

ಅಂಡಾಶಯ ಎಂದರೆ ಮಕ್ಕಳಿಗೆ ಬೇಕಾದದ್ದು, ಮಕ್ಕಳಾದ ಮೇಲೆ ಕೆಲಸವಿಲ್ಲದ್ದು ಎಂದು ನಾವು ತಿಳಿದಿದ್ದೇವೆ. ಅದು ಸರಿಯಲ್ಲ. ಈಸ್ಟ್ರೊಜೆನ್ ಎಂಬ ಹಾರ್ಮೋನು ತಯಾರಾಗುವುದು ಮುಖ್ಯವಾಗಿ ಅಲ್ಲೇ. ಮೂಳೆ ಸದಾ ಸವೆಯುತ್ತಲೂ ಹೊಸದಾಗಿ ಕಟ್ಟುತ್ತಲೂ ಇರುವ ವಸ್ತು. ಸವೆತ ಮಿತಿ ಮೀರದಂತೆ ಹಿಡಿದಿಡುವುದು ಈಸ್ಟ್ರೊಜೆನ್. ಅದು ನಿಂತ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ಬಹಳ ಬೇಗ ಸವೆಯುತ್ತದೆ. ಹೃದಯದ ರಕ್ತನಾಳಗಳಿಗೂ ಈ ಹಾರ್ಮೋನಿನ ಆಸರೆ ಇದೆ. ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿಗಿಂತ ಬಹಳ ಮೊದಲೇ ಎರಡೂ ಅಂಡಾಶಯ ತೆಗೆದರೆ ಮೂಳೆ ಸವೆತ, ಹೃದಯದ ತೊಂದರೆ ಎರಡರ ಅಪಾಯವೂ ಹೆಚ್ಚು. ಹಾಗೆ ತೆಗೆಯಬೇಕಾಗಿ ಬಂದರೆ, ಬೇರೆ ಅಡ್ಡಿ ಇಲ್ಲದಿದ್ದಲ್ಲಿ ಸುಮಾರು 50ರ ವಯಸ್ಸಿನವರೆಗೆ ಹಾರ್ಮೋನನ್ನು ಔಷಧವಾಗಿ ಕೊಡುವುದು ರೂಢಿ. ನನಗೆ ಕೊಟ್ಟದ್ದು ಒಂದು ವಾರದ ಆಂಟಿಬಯೋಟಿಕ್ ಮತ್ತು "ಭಾರ ಎತ್ತಬೇಡಿ" ಎಂಬ ಮಾತು. ಅಂಡಾಶಯ ಉಳಿಸಿ ಗರ್ಭಕೋಶವನ್ನಷ್ಟೇ ತೆಗೆದರೂ ಋತುಬಂಧ ಒಂದೆರಡು ವರ್ಷ ಬೇಗ ಬರಬಹುದು ಎನ್ನುತ್ತಾರೆ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಗರ್ಭಕೋಶ ತೆಗೆಯುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದರೆ, ಗರ್ಭಕೋಶ ಪೂರ್ತಿ ಜಾರಿ ಹೊರಗೆ ಬಂದಿದ್ದರೆ, ಯಾವ ಔಷಧಕ್ಕೂ ಬಗ್ಗದ ರಕ್ತಸ್ರಾವವಾದರೆ ಆ ಆಪರೇಷನ್ ಜೀವ ಉಳಿಸುತ್ತದೆ, ಬದುಕು ಹಗುರ ಮಾಡುತ್ತದೆ. ನನ್ನ ಹಳೆಯ ಸ್ಕ್ಯಾನು ನೋಡಿದ ಸ್ತ್ರೀರೋಗ ತಜ್ಞೆಯೊಬ್ಬರು, "ಗಡ್ಡೆ ದೊಡ್ಡದೇ ಇತ್ತು. ಗರ್ಭಕೋಶ ತೆಗೆದದ್ದನ್ನು ತಪ್ಪು ಅನ್ನಲಾರೆ. ಆದರೆ ಆರೋಗ್ಯವಾಗಿದ್ದ ಅಂಡಾಶಯವನ್ನು 37ರಲ್ಲಿ ಯಾಕೆ ತೆಗೆದರೋ ತಿಳಿಯುವುದಿಲ್ಲ" ಎಂದರು. ಹೇಗೂ ಹೊಟ್ಟೆ ತೆರೆದಿದ್ದೇವೆ, ಅದನ್ನೂ ತೆಗೆದುಬಿಡೋಣ ಎನ್ನುವುದು ಆ ಕಾಲಕ್ಕೆ ಹಲವರ ಅಭ್ಯಾಸವಾಗಿತ್ತಂತೆ. ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನದನ್ನೂ ಹೊರಗೆ ಹಾಕಿದ ಹಾಗೆ.

ಇದು ನನ್ನೊಬ್ಬಳ ದುರದೃಷ್ಟ ಅಂದುಕೊಂಡಿದ್ದೆ. ಓದುತ್ತ ಹೋದಂತೆ ನಾನು ವಾಸವಾಗಿರುವ ಸೀಮೆಯೇ ಇದಕ್ಕೆ ಹೆಸರುವಾಸಿ ಎಂದು ತಿಳಿಯಿತು. ಕೇಂದ್ರ ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2015-16ರಿಂದ ಈ ಲೆಕ್ಕವನ್ನೂ ತೆಗೆಯುತ್ತಿದೆ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕೋಶ ತೆಗೆಸಿಕೊಂಡವರು ನೂರಕ್ಕೆ ಸುಮಾರು 3. ಆಂಧ್ರ, ತೆಲಂಗಾಣಗಳಲ್ಲಿ 8ರಿಂದ 9. ಆಪರೇಷನ್ನುಗಳಲ್ಲಿ ಮೂರಕ್ಕೆ ಎರಡು ಪಾಲು ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಇದು 49ರ ಒಳಗಿನವರ ಲೆಕ್ಕ ಎಂಬುದನ್ನು ಮರೆಯಬೇಡಿ. ಗಡ್ಡೆ ಇದ್ದರೂ ಋತುಬಂಧದ ನಂತರ ತಾನಾಗಿ ಕುಗ್ಗುವುದೇ ಹೆಚ್ಚು. ಅಷ್ಟು ಕಾಯಲು ಸಮಯವಿದ್ದವರೂ ಇವರಲ್ಲಿ ಇದ್ದರು.

ಹೈದರಾಬಾದಿನ ವೈದ್ಯ ದಂಪತಿ ಡಾ. ಕಾಮೇಶ್ವರಿ ಮತ್ತು ಡಾ. ಪ್ರಕಾಶ್ ವಿಂಜಮೂರಿ 2000ದ ದಶಕದ ಕೊನೆಯಲ್ಲಿ ಮೆದಕ್ ಜಿಲ್ಲೆಯ ಕೌಡಿಪಲ್ಲಿ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಇದನ್ನು ವಿಚಾರಿಸಿದರು. ತೆಗೆಸಿಕೊಂಡವರಲ್ಲಿ ಅನೇಕರು 30ರ ಒಳಗಿನವರು. ಬಿಳಿಮುಟ್ಟು, ಸೊಂಟನೋವು, ಹೊಟ್ಟೆನೋವು ಎಂದು ಹೋದವರು ಗರ್ಭಕೋಶ ಕಳೆದುಕೊಂಡು ಬಂದಿದ್ದರು. ಸೋಂಕಿಗೆ ಕೊಡುವ ಮಾತ್ರೆಯಲ್ಲಿ ವಾಸಿಯಾಗಬಹುದಾದ ಕಾಯಿಲೆಗೆ ಸಾಲ ಮಾಡಿ ಆಪರೇಷನ್. ನಮ್ಮ ಕಲಬುರಗಿಯೂ ಹಿಂದೆ ಬಿದ್ದಿಲ್ಲ. 2015ರ ನಂತರದ ವರ್ಷಗಳಲ್ಲಿ ಅಲ್ಲಿನ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು ಬೇಡದ ಆಪರೇಷನ್ ಮಾಡಿದರೆಂದು ಬೀದಿಗಿಳಿದರು. ಕರ್ನಾಟಕ ಜನಾರೋಗ್ಯ ಚಳವಳಿಯವರು ಜೊತೆ ನಿಂತರು. ಆ ಸುದ್ದಿಯನ್ನು ನಾನು ಆಗ ಪೇಪರಿನಲ್ಲಿ ಓದಿದ್ದೆ. ಪಾಪ, ಓದುಬರಹ ಇಲ್ಲದವರು, ಮೋಸಹೋದರು ಎಂದುಕೊಂಡು ಪುಟ ತಿರುವಿದ್ದೆ.

*

ಕೈಗೆ ಪ್ಲಾಸ್ಟರ್ ಇದ್ದಾಗ ಮನೆ ನಡೆಸಿದ್ದು ನಮ್ಮ ಕೆಲಸದವಳು. ನಾರಾಯಣಪೇಟೆ ಕಡೆಯವಳು, 36 ವಯಸ್ಸು. ಅವರ ಮನೆಮಾತು ಕನ್ನಡ, ಓದಿದ್ದು ಐದನೇ ಇಯತ್ತೆವರೆಗೆ ತೆಲುಗಿನಲ್ಲಿ. ನಮ್ಮಿಬ್ಬರ ಮಾತು ಎರಡನ್ನೂ ಕಲಸಿದ್ದು. ಒಂದು ದಿನ ಪಾತ್ರೆ ತಿಕ್ಕುತ್ತ ತಿಕ್ಕುತ್ತ ಗೋಡೆ ಹಿಡಿದು ಕೂತಳು.

"ಅಮ್ಮಾ, ಬರೂ ತಿಂಗಳ ನನಗ ಹದಿನೈದು ದಿನ ರಜಾ ಬೇಕಾಗ್ತದ. ಗರ್ಭಸಂಚಿ ತೆಗಸ್ತೀನಿ. ಡಾಕ್ಟ್ರು ಹೇಳ್ಯಾರ."

"ಯಾಕ, ಏನಾಗ್ಯದ?"

"ಭಾಳ ಹೋಗ್ತದಮ್ಮಾ. ಸ್ಕ್ಯಾನ್ ಮಾಡಿದ್ರು. ಗರ್ಭಸಂಚಿ ಬಾತದ ಅಂದ್ರು. ಬಿಟ್ರ ಕ್ಯಾನ್ಸರ್ ಆಗ್ತದಂತ. ಐವತ್ತು ಸಾವಿರ ಕೇಳ್ಯಾರ, ನನ್ನ ತಮ್ಮ ಬಡ್ಡೀಗೆ ತರ್ತಾನ."

ಮರುದಿನ ಸ್ಕ್ಯಾನಿನ ಚೀಟಿ ತಂದು ತೋರಿಸಿದಳು. 'ಬಲ್ಕಿ ಯೂಟರಸ್' ಎಂದಿತ್ತು, 3 ಸೆಂಟಿಮೀಟರಿನ ಒಂದು ಗಡ್ಡೆ. ಎರಡು ಮಕ್ಕಳು ಹೆತ್ತವಳ ಗರ್ಭಕೋಶ ಸ್ವಲ್ಪ ದಪ್ಪಗಿದ್ದರೆ ಅದೇ ಒಂದು ರೋಗವಲ್ಲ ಎಂದು ಅಷ್ಟರಲ್ಲಿ ನಾನು ಓದಿಕೊಂಡಿದ್ದೆ. ಆದರೆ ನಾನು ಡಾಕ್ಟರಲ್ಲ. ಬೇಡ ಅನ್ನಲು ನಾನು ಯಾರು? ನಾಳೆ ನಿಜವಾಗಿಯೂ ಏನಾದರೂ ಆದರೆ? ಎರಡು ರಾತ್ರಿ ಇದೇ ಯೋಚನೆ. ಕೊನೆಗೆ, "ತೆಗಸೂದು ಬಿಡೂದು ನಿನ್ನ ಕೈಯಾಗದ. ಇನ್ನೊಬ್ಬ ಡಾಕ್ಟರಿಗೆ ಒಮ್ಮೆ ತೋರಸಿ ಬರೋಣ, ನಾನೂ ಬರ್ತೀನಿ" ಎಂದೆ.

ಆ ದಿನಗಳಲ್ಲೇ ನಮ್ಮ ಪಕ್ಕದ ಮನೆಯ ನಿವೃತ್ತ ತೆಲುಗು ಟೀಚರಮ್ಮ ಒಂದು ಹಳೆಯ ಪುಸ್ತಕ ಕೊಟ್ಟರು. ಹೆಸರು 'ಸವಾಲಕ್ಷ ಸಂದೇಹಾಲು', ಅಂದರೆ ಒಂದೂಕಾಲು ಲಕ್ಷ ಸಂದೇಹಗಳು. ಹೈದರಾಬಾದಿನ ಹೆಂಗಸರ ಗುಂಪೊಂದು 1990ರ ಆಸುಪಾಸಿನಲ್ಲಿ ಕೂಡಿ ಬರೆದದ್ದು. ಹೆಣ್ಣಿನ ದೇಹದ ಬಗ್ಗೆ, ಕಾಯಿಲೆಗಳ ಬಗ್ಗೆ, ಡಾಕ್ಟರ ಹತ್ತಿರ ಏನು ಕೇಳಬೇಕು ಎಂಬುದರ ಬಗ್ಗೆ ಸಾದಾ ತೆಲುಗಿನಲ್ಲಿ. ಅದರ ಹಿಂದೆ ಇದ್ದವರಲ್ಲಿ ಡಾ. ವೀಣಾ ಶತ್ರುಘ್ನ ಒಬ್ಬರು. ಅವರು ಇಲ್ಲಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಯಾಗಿದ್ದವರು. ತೆಲುಗು ಲಿಪಿ ಕನ್ನಡದವರಿಗೆ ಎಷ್ಟೊತ್ತಿನ ಮಾತು? ಮೂರು ರಾತ್ರಿ ಕೂತು ಓದಿದೆ. 2002ರಲ್ಲಿ ಈ ಪುಸ್ತಕ ನಮ್ಮ ಮನೆಯಿಂದ ಒಂದು ಗೋಡೆಯಾಚೆ ಇತ್ತು ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ.

ಸೋಮವಾರ ಬೆಳಿಗ್ಗೆ ಇಬ್ಬರೂ ಸುಲ್ತಾನ್ ಬಜಾರಿನ ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಹೊರಟೆವು. 2023ರ ಡಿಸೆಂಬರ್ 9ರಿಂದ ತೆಲಂಗಾಣದ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ನಿಮ್ಮಲ್ಲಿ ಶಕ್ತಿ ಯೋಜನೆ ಇದ್ದ ಹಾಗೆ ಇಲ್ಲಿ ಮಹಾಲಕ್ಷ್ಮಿ. ಕಂಡಕ್ಟರು ಜೀರೋ ಟಿಕೆಟ್ ಹರಿದು ಕೊಡುತ್ತಾನೆ. ಹೆಂಗಸರು ಸುಮ್ಮನೆ ತಿರುಗುತ್ತಾರೆ ಎಂದು ಆಡಿಕೊಳ್ಳುವವರಿದ್ದಾರೆ. ಆ ಬೆಳಗಿನ ಬಸ್ಸಿನಲ್ಲಿ ನಮ್ಮ ಸುತ್ತ ಕೂತವರ ಕೈಯಲ್ಲಿ ಆಸ್ಪತ್ರೆಯ ಪ್ಲಾಸ್ಟಿಕ್ ಕವರುಗಳಿದ್ದವು. ನಾವು ಆ ತಿಂಗಳು ಕೋಠಿಗೆ ನಾಲ್ಕು ಸಲ ಹೋಗಿ ಬಂದೆವು. ಪ್ರತಿಸಲ ಆಟೋಗೆ ಕೊಡಬೇಕಾಗಿದ್ದರೆ ಅವಳು ಎರಡನೇ ಸಲಕ್ಕೇ ಬಿಟ್ಟುಬಿಡುತ್ತಿದ್ದಳು.

ಸಾಲು ಉದ್ದವಿತ್ತು, ಕೂಡಲು ಜಾಗ ಇರಲಿಲ್ಲ. ಆದರೆ ನೋಡಿದ ಡಾಕ್ಟರಮ್ಮ, ಚಿಕ್ಕ ಹುಡುಗಿ, ಕೆಲಸದವಳನ್ನೇ ನೋಡಿ ಮಾತಾಡಿದಳು. ರಕ್ತಪರೀಕ್ಷೆ, ಥೈರಾಯ್ಡ್ ಪರೀಕ್ಷೆ, ಪ್ಯಾಪ್ ಪರೀಕ್ಷೆ, ಮತ್ತೊಂದು ಸ್ಕ್ಯಾನ್, ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆ. ಹಿಮೋಗ್ಲೋಬಿನ್ 7.8 ಇತ್ತು. ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿತ್ತು, ಹಾಗಾದಾಗಲೂ ಮುಟ್ಟು ಹೆಚ್ಚು ಹೋಗುತ್ತದಂತೆ. ಕ್ಯಾನ್ಸರಿನ ಲಕ್ಷಣ ಎಲ್ಲೂ ಇರಲಿಲ್ಲ. ಕಬ್ಬಿಣದ ಮಾತ್ರೆ, ಥೈರಾಯ್ಡಿಗೆ ಮಾತ್ರೆ, ಮುಟ್ಟಿನ ದಿನಗಳಲ್ಲಿ ರಕ್ತ ಹೋಗುವುದನ್ನು ತಗ್ಗಿಸುವ ಮಾತ್ರೆ ಕೊಟ್ಟರು. ಅದಕ್ಕೂ ಬಗ್ಗದಿದ್ದರೆ ಗರ್ಭಕೋಶದೊಳಗೆ ಇಡುವ, ಹಾರ್ಮೋನು ಸೂಸುವ ಒಂದು ಸಾಧನ ಇದೆ, ಅದಕ್ಕೂ ಆಗದಿದ್ದರೆ ಆಗ ಆಪರೇಷನ್ ಮಾತಾಡೋಣ ಎಂದರು.

ಹೊರಗೆ ಬಂದು ಗಿಡದ ನೆರಳಲ್ಲಿ ಡಬ್ಬಿ ಬಿಚ್ಚಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಇಷ್ಟೆಲ್ಲಾ ಇದ್ರ, ಅವರ್ಯಾಕ ಒಮ್ಮಿಗೇ ಕೊಯ್ಯೋಣ ಅಂದ್ರಮ್ಮಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಕಥೆ ಅವಳಿಗೆ ಹೇಳಿದ್ದು ಆಗಲೇ. ಅವಳು ನನ್ನ ಪ್ಲಾಸ್ಟರ್ ಕೈ ನೋಡಿದಳು, ಮಾತಾಡಲಿಲ್ಲ.

*

ಸಹಿಯ ವಿಷಯ ಮನಸ್ಸಿನಿಂದ ಹೋಗಿರಲಿಲ್ಲ. ಈ ಬಗ್ಗೆ ಕಾನೂನು ಏನು ಹೇಳುತ್ತದೆ ಎಂದು ವಕೀಲಿಕೆ ಮಾಡುವ ನನ್ನ ತಮ್ಮನನ್ನು ಕೇಳಿದೆ. ಅವನು ಸಮೀರಾ ಕೊಹ್ಲಿ ಪ್ರಕರಣ ಹೇಳಿದ. 1995ರಲ್ಲಿ ದೆಹಲಿಯಲ್ಲಿ 44 ವರ್ಷದ ಹೆಂಗಸೊಬ್ಬರು ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆಗೆ ಒಪ್ಪಿ ಮಲಗಿದರು. ಅವರಿಗೆ ಅರಿವಳಿಕೆ ಕೊಟ್ಟಿದ್ದಾಗಲೇ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 2008ರ ಜನವರಿಯಲ್ಲಿ ತೀರ್ಪು ಬಂತು. ಜೀವಕ್ಕೆ ಆ ಕ್ಷಣದ ಅಪಾಯವಿಲ್ಲದಿದ್ದಾಗ, ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ಹೆಂಗಸಿನ ಬದಲು ಬೇರೆಯವರು, ಹೆತ್ತ ತಾಯಿಯಾದರೂ, ಒಪ್ಪಿಗೆ ಕೊಡಲು ಬರುವುದಿಲ್ಲ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಆಗುವುದಿಲ್ಲ. ಸಹಿ ಕೇಳುವ ಮೊದಲು ಡಾಕ್ಟರು ಹೇಳಲೇಬೇಕಾದದ್ದೂ ಆ ತೀರ್ಪಿನಲ್ಲಿದೆ: ಚಿಕಿತ್ಸೆ ಏನು, ಯಾಕೆ, ಅದರ ಲಾಭವೇನು, ಪರಿಣಾಮವೇನು, ಬೇರೆ ದಾರಿ ಏನಿದೆ, ಅಪಾಯವೇನು, ಬೇಡ ಅಂದರೆ ಏನಾಗುತ್ತದೆ.

ಇನ್ನೊಂದು ತೀರ್ಪು 2023ರ ಏಪ್ರಿಲ್ 5ರದು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲಿ ನಡೆದ ಬೇಡದ ಗರ್ಭಕೋಶ ಆಪರೇಷನ್ನುಗಳ ಬಗ್ಗೆ ಡಾ. ನರೇಂದ್ರ ಗುಪ್ತ ಎಂಬ ವೈದ್ಯರು 2013ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಹತ್ತು ವರ್ಷದ ನಂತರ ಕೋರ್ಟು, ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಹೇಳಿತು. ಈ ಆಪರೇಷನ್ನುಗಳ ಮೇಲೆ ಜಿಲ್ಲೆಯಿಂದ ದೆಹಲಿಯವರೆಗೆ ಸಮಿತಿಗಳು ಕಣ್ಣಿಡಬೇಕು. ಅಗತ್ಯವಿಲ್ಲದೆಯೋ, ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆಯೋ ಮಾಡಿದ ಆಸ್ಪತ್ರೆಗಳನ್ನು ಕಪ್ಪುಪಟ್ಟಿಗೆ ಸೇರಿಸಬೇಕು. ಕಾಗದದ ಮೇಲೆ ಇದೆಲ್ಲ ಇದೆ. ಆದರೆ ಸಮಿತಿ ನೋಡುವುದು ಆಪರೇಷನ್ ಆದ ಮೇಲಿನ ಲೆಕ್ಕ. ಸಹಿ ಹಾಕುವ ಮೇಜಿನ ಹತ್ತಿರ ಸಮಿತಿ ಬಂದು ನಿಲ್ಲುವುದಿಲ್ಲ. ಅಲ್ಲಿ ಇರುವವರು ನಾವು, ನಮ್ಮ ಮನೆಯವರು, ಬೆರಳಿಟ್ಟು ತೋರಿಸುವ ನರ್ಸು.

*

ದಸರೆಗೆ ನಮ್ಮ ಓಣಿಯ ಕನ್ನಡದ ಹೆಂಗಸರು ಲಲಿತಾ ಸಹಸ್ರನಾಮಕ್ಕೆ ಸೇರಿದ್ದೆವು. ಅತ್ತ ರಸ್ತೆಯಲ್ಲಿ ಬತುಕಮ್ಮ ಆಡುವ ಹಾಡು ಕೇಳುತ್ತಿತ್ತು. ಉಡಿ ತುಂಬಿ, ಪ್ರಸಾದ ಹಂಚಿ ಕೂತಾಗ ನಾನೇ ಮಾತು ತೆಗೆದೆ. ಒಳಗೊಳಗೆ ನಾಚಿಕೆ. ಹನ್ನೊಂದು ಜನ ಇದ್ದೆವು. ನನ್ನನ್ನು ಸೇರಿಸಿ ನಾಲ್ಕು ಜನರಿಗೆ ಆಪರೇಷನ್ ಆಗಿತ್ತು. ಅಂಡಾಶಯ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಿದವರು ಒಬ್ಬರೇ, ಅವರ ಮಗಳು ಡಾಕ್ಟರು. ಉಳಿದಿಬ್ಬರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರು, "ಆಪರೇಷನ್ ಆದ್ಮ್ಯಾಲೆ ಮೈ ಉರೀತಿತ್ತು ಅಂದ್ರ ನಮ್ಮತ್ತಿ ದೇವೀ ಸಿಟ್ಟು ಅಂತ ಹರಕಿ ಕಟ್ಟಿಸಿದ್ರು" ಎಂದರು. ಎಲ್ಲರೂ ನಕ್ಕೆವು. ನಕ್ಕ ಮೇಲೆ ಅವರೇ ಕಣ್ಣೊರೆಸಿಕೊಂಡರು.

ಮಡಿ, ಮೈಲಿಗೆ, ಹಬ್ಬ ತಪ್ಪುವ ಹೆದರಿಕೆ, ಮಕ್ಕಳಾದ ಮೇಲೆ ಅದರ ಕೆಲಸ ಮುಗಿಯಿತೆಂಬ ಮಾತು, ಕ್ಯಾನ್ಸರ್ ಎಂಬ ಪಿಸುಗುಟ್ಟುವಿಕೆ ಎಲ್ಲ ಸೇರಿ ನಮ್ಮನ್ನು ಅರ್ಧ ಒಪ್ಪಿಸಿಯೇ ಆಸ್ಪತ್ರೆಗೆ ಕಳಿಸುತ್ತವೆ. ಉಳಿದರ್ಧಕ್ಕೆ ಅಲ್ಲಿ ಒಂದೇ ಮಾತು ಸಾಕು. ಅದಕ್ಕೇ ಡಾಕ್ಟರನ್ನು ಬೈದು ಮುಗಿಸಲು ನನ್ನಿಂದ ಆಗುವುದಿಲ್ಲ. ತಂಟೆ ಕಳೆಯಿತು ಎಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು.

ಮೂಳೆಯದು ಆಪರೇಷನ್ ಆದವರಿಗಷ್ಟೇ ಸಂಬಂಧಿಸಿದ ಮಾತೂ ಅಲ್ಲ. ಪೋಷಣಾ ಸಂಸ್ಥೆಯ ಡಾ. ವೀಣಾ ಶತ್ರುಘ್ನ ಮತ್ತು ಜೊತೆಗಾರರು ಹೈದರಾಬಾದಿನ ಬಡ ಕುಟುಂಬಗಳ, 30ರಿಂದ 60 ವರ್ಷದ 289 ಹೆಂಗಸರ ಮೂಳೆ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ತೊಡೆಯ ಮೂಳೆಯ ಕತ್ತಿನ ಭಾಗದಲ್ಲಿ ನೂರಕ್ಕೆ ಸುಮಾರು 29 ಮಂದಿಗೆ ಆಸ್ಟಿಯೊಪೊರೋಸಿಸ್ ಇತ್ತು. ತಟ್ಟೆಯಲ್ಲಿ ಮೊದಲಿಂದ ಕಡಿಮೆ, ಮೈ ಮೇಲೆ ದುಡಿತ ಹೆಚ್ಚು. ಅಂಥ ಮೈಯಿಂದ 36ಕ್ಕೇ ಅಂಡಾಶಯ ತೆಗೆದರೆ ಅವಳು 60ಕ್ಕೆ ಯಾವ ಮೆಟ್ಟಿಲಿನಿಂದ ಬೀಳುತ್ತಾಳೋ ಯಾರು ಬಲ್ಲರು? ಆಗ ಅವಳಿಗೆ ಡೆಕ್ಸಾ ಸ್ಕ್ಯಾನ್ ಬರೆದುಕೊಡುವವರೂ ಇರುವುದಿಲ್ಲ.

ನನ್ನ ಮಟ್ಟಿಗೆ ಈಗ ಮೂಳೆಯ ಔಷಧ ನಡೆದಿದೆ, ವಿಟಮಿನ್ ಡಿ ನಡೆದಿದೆ. ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯುತ್ತೇನೆ. ಅದೇ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರದ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ, ನಮ್ಮ ಜೋಳದಲ್ಲಿ 30ಕ್ಕೂ ಕಡಿಮೆ. ನಾವು ಜೋಳದ ಜನ. ರಾಗಿ ಎಂದರೆ ಬೆಂಗಳೂರು ಕಡೆಯವರದು ಎಂದು ನಗುತ್ತಿದ್ದವಳು ಈಗ ದಿನಾ ರಾಗಿ ಗಂಜಿ ಕುಡಿಯುತ್ತೇನೆ. ಆದರೆ ಎಳ್ಳಿನಲ್ಲಿ 100 ಗ್ರಾಮಿಗೆ ಸಾವಿರ ಮಿಲಿಗ್ರಾಂಗೂ ಹೆಚ್ಚಿದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ವರ್ಷಕ್ಕೊಮ್ಮೆ ಮಾಡಿ ನಾವೇ ಮರೆತಿದ್ದೆವು.

ಕೆಲಸದವಳ ರಕ್ತಸ್ರಾವ ಪೂರ್ತಿ ಸರಿಹೋಗಿಲ್ಲ. ಹತ್ತು ದಿನ ಇದ್ದದ್ದು ಐದಾರು ದಿನಕ್ಕೆ ಬಂದಿದೆ. ಹಿಮೋಗ್ಲೋಬಿನ್ 10 ದಾಟಿದೆ, ಪಾತ್ರೆ ತಿಕ್ಕುವಾಗ ಗೋಡೆ ಹಿಡಿಯುವುದಿಲ್ಲ. ಮುಂದೆ ಆಪರೇಷನ್ ಬೇಕಾದರೂ ಬೇಕಾಗಬಹುದು. ಅವಳೇ ಹೇಳುತ್ತಾಳೆ: "ಬೇಕಾದ್ರ ಮಾಡಸ್ಕೋತೀನಮ್ಮಾ. ಆದ್ರ ಅಂಡಾಶಯ ಬಿಡ್ತೀರೇನು, ಏನ್ ಏನ್ ತೆಗೀತೀರಿ ಅಂತ ಮೊದಲ ಕೇಳ್ತೀನಿ." ಬಡ್ಡಿಗೆ ತರಬೇಕಾಗಿದ್ದ ಐವತ್ತು ಸಾವಿರ ಅವಳ ತಮ್ಮ ತರಲಿಲ್ಲ. ಎಲ್ಲ ಚೀಟಿಗಳನ್ನೂ ಒಂದು ಕವರಿನಲ್ಲಿ ಹಾಕಿ, ಮೇಲೆ ತೆಲುಗಿನಲ್ಲಿ ತನ್ನ ಹೆಸರು ಬರೆದು, ನಮ್ಮ ಟ್ರಂಕಿನಲ್ಲೇ ಇಟ್ಟಿದ್ದಾಳೆ. ಅವಳ ಮನೆಯಲ್ಲಿ ಮಳೆಗೆ ಸೋರುತ್ತದೆ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಅಥವಾ ನಿಮ್ಮ ತಾಯಿ, ಅತ್ತೆ, ಅಕ್ಕಂದಿರಲ್ಲಿ ಯಾರಿಗಾದರೂ ಈ ಆಪರೇಷನ್ ಆಗಿದ್ದರೆ ಒಂದು ಕೆಲಸ ಮಾಡಿ. ಆ ಹಳೆಯ ಡಿಸ್‌ಚಾರ್ಜ್ ಕಾರ್ಡು ಹುಡುಕಿ. ಕೊನೆಯ ಸಾಲಿನಲ್ಲಿ ಏನು ಬರೆದಿದೆ ಎಂದು ತಿಳಿದವರಿಂದ ಓದಿಸಿ. ಬಿ.ಎಸ್.ಓ. ಎಂದಿದ್ದರೆ ಹೆದರಬೇಡಿ, ಡಾಕ್ಟರ ಹತ್ತಿರ ಮೂಳೆಯ ಮಾತು, ಹೃದಯದ ಮಾತು ಎತ್ತಿ. ಬೀಳುವ ಮೊದಲು ಎತ್ತಿ. ಇನ್ನು ಆಪರೇಷನ್ ಆಗಬೇಕಾದವರು ಯಾರಾದರೂ ಇದ್ದರೆ, ಅವರ ಜೊತೆ ಹೋಗಿ. ಡಬ್ಬಿ ಕಟ್ಟಿಕೊಂಡು ಹೋಗಿ, ಸಾಲು ಉದ್ದ ಇರುತ್ತದೆ.